ಕೈಕೊಡುವ ಮೌಸ್: ಬಾಗಿಲಲ್ಲಿ ಸಾಲು ನಿಂತಾಗ ಕೆಲಸಕ್ಕೆ ಬರುವ ಸೂತ್ರಗಳು

ಜುಲೈ ಕೊನೆಯ ವಾರ. ಉಮದಿಯೋ ಸಂಖವೋ, ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವಭಾಗದ ಯಾವುದಾದರೂ ಒಂದು ಊರಿನ ಸೇವಾ ಕೇಂದ್ರ. ಪೀಕ ವಿಮೆಯ, ಅಂದರೆ ಬೆಳೆ ವಿಮೆಯ, ಅರ್ಜಿ ತುಂಬಲು ಸಾತಬಾರಾ ಉತಾರೆ (ಜಮೀನಿನ ದಾಖಲೆ) ಹಿಡಿದು ಹದಿನೈದು ಮಂದಿ ಕಟ್ಟೆಯ ಮೇಲೆ ಕೂತಿದ್ದಾರೆ. ಅದೇ ಹೊತ್ತಿಗೆ ಪರದೆಯ ಮೇಲಿನ ಬಾಣ ಮೂಲೆಗೆ ಹಾರಿ ಅಲ್ಲೇ ಕೂತುಬಿಡುತ್ತದೆ. “ಯಾಕೋ ತಮ್ಮಾ, ನಡೀವಲ್ದೇನು?” ಎಂದು ಅಜ್ಜನೊಬ್ಬ ಕೇಳುತ್ತಾನೆ. ಅವನ ಒಂದು ದಿನದ ದುಡಿಮೆ ಆಗಲೇ ಹೋಗಿದೆ. ನಾಳೆ ಬಾ ಎಂದರೆ ಇನ್ನೊಂದೂ ಹೋಗುತ್ತದೆ. ಕಂಪ್ಯೂಟರಿನ ಮುಂದೆ ಕೂತವರು ಇಷ್ಟನ್ನು ಕಲಿತಿರಲೇಬೇಕು.

1. ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಮೊದಲು ಅದೇ ಮೌಸನ್ನು ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿ. ಅಲ್ಲಿ ನೆಟ್ಟಗೆ ನಡೆದರೆ ತಪ್ಪು ಮೌಸಿನದಲ್ಲ. ಇನ್ನೊಂದು ಕಂಪ್ಯೂಟರ್ ಇಲ್ಲವೇ? ಓಟಿಜಿ ವೈರಿನಿಂದ ಆಂಡ್ರಾಯ್ಡ್ ಮೊಬೈಲಿಗೆ ಹಚ್ಚಿ, ಅದರ ಪರದೆಯ ಮೇಲೂ ಪುಟ್ಟ ಬಾಣ ಮೂಡುತ್ತದೆ. ಆಮೇಲೆ ಯುಎಸ್‌ಬಿ ಪೋರ್ಟ್ ಬದಲಿಸಿ. ಪೋರ್ಟ್, ಮೇಜು, ಸೆಟ್ಟಿಂಗ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಮೌಸ್ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ನಾಳೆ ಮತ್ತೆ ಮೊದಲಿನಿಂದ ಹುಡುಕಬೇಕು.

2. ಗಾಜಿನ ಮೇಲೆ ಓಡಿಸಬೇಡಿ

ನಮ್ಮ ಕಡೆಯ ಮೇಜುಗಳಿಗೆ ಗಾಜು ಹಾಕುವ ರೂಢಿ. ಅದರ ಕೆಳಗೆ ಗುಡ್ಡಾಪುರದ ದಾನಮ್ಮದೇವಿಯ ಫೋಟೊ, ದರಪಟ್ಟಿ, ನಾಲ್ಕಾರು ಫೋನ್ ನಂಬರು. ನೋಡಲು ಚೆಂದ, ಮೌಸಿಗೆ ಮಾತ್ರ ಸಂಕಟ. 1968ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಜಗತ್ತಿಗೆ ತೋರಿಸಿದ ಮೌಸಿನ ಹೊಟ್ಟೆಯಲ್ಲಿ ಗಾಲಿಗಳಿದ್ದವು. ಈಗಿನದು ನಡೆಯುವುದು ಕಣ್ಣಿನಿಂದ. ಕೆಂಪು ಬೆಳಕಿನ ಪಕ್ಕದಲ್ಲಿರುವುದು ಒಂದು ಸಣ್ಣ ಕ್ಯಾಮೆರಾ. 1999ರಲ್ಲಿ ಮೈಕ್ರೋಸಾಫ್ಟ್ ತಂದ ಇಂಥ ಮೌಸ್ ಸೆಕೆಂಡಿಗೆ 1500 ಚಿತ್ರ ತೆಗೆಯುತ್ತಿತ್ತು. ಒಂದು ಚಿತ್ರಕ್ಕೂ ಮುಂದಿನದಕ್ಕೂ ಮೇಜಿನ ತರಿ ಎಷ್ಟು ಸರಿದಿದೆ ಎಂದು ನೋಡಿ, ಕೈ ಎತ್ತ ಹೋಯಿತೆಂದು ಮೌಸ್ ಲೆಕ್ಕ ಹಾಕುತ್ತದೆ. ನುಣುಪಾದ ಗಾಜಿನಲ್ಲಿ ತರಿಯೇ ಇಲ್ಲ. ಬಾಣ ನಡುಗುವುದು, ಹಾರುವುದು ಅದಕ್ಕೇ.

ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೋರಲು ಹಾಕಿ ಅದರ ಮೇಲೆ ಓಡಿಸಿ. ಮಿರುಗುವ ಮುಂಭಾಗ ಬೇಡ, ಹಿಂಭಾಗವೇ ಆಗಬೇಕು. ನೋಟ್‌ಬುಕ್ಕಿನ ರಟ್ಟೂ ಆದೀತು. ಎಷ್ಟೋ ಮೌಸುಗಳ ರೋಗ ಇಲ್ಲಿಗೇ ಮುಗಿಯುತ್ತದೆ.

3. ಹೊಟ್ಟೆ ನೋಡಿ

ಬೇಸಿಗೆಯ ಗಾಳಿಗೆ ನಮ್ಮಲ್ಲಿ ಧೂಳು ಸೇರದ ಜಾಗವಿಲ್ಲ. ಮೌಸ್ ಕಿತ್ತು ಮಗುಚಿದರೆ ಕಣ್ಣಿನ ಗುಳಿಯಲ್ಲಿ ಒಂದು ಕೂದಲೋ ಹತ್ತಿಯ ಎಳೆಯೋ ಕಾಣುತ್ತದೆ. ತುದಿಗೆ ಹತ್ತಿ ಸುತ್ತಿದ ಒಣ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಲೆನ್ಸಿಗೆ ಅಂಟುತ್ತದೆ.

4. ಅರ್ಥಿಂಗ್ ಗುಂಡಿಗೆ ನೀರು ಹಾಕಿ

ಇದು ಒಣಭೂಮಿಯವರಿಗೆಂದೇ ಇರುವ ಸೂತ್ರ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಬಾಣ ತಾನಾಗಿಯೇ ಕುಣಿಯುತ್ತದೆಯೇ? ಲೋಹದ ಅಂಚು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಬಾಣ ತಣ್ಣಗಾದರೆ ತಂಟೆ ಕರೆಂಟಿನದು. ಲ್ಯಾಪ್‌ಟಾಪಿನಲ್ಲಿ ಮೌಸಿನ ಕೆಲಸ ಮಾಡುವ ಟಚ್‌ಪ್ಯಾಡ್ ನಮ್ಮ ಬೆರಳಿನ ಸಣ್ಣ ವಿದ್ಯುತ್ ಗುಣವನ್ನು ಅಳೆದು ಕೆಲಸ ಮಾಡುವಂಥದ್ದು. ಚಾರ್ಜರಿನಿಂದ ಸೋರಿದ ವಿದ್ಯುತ್ತಿಗೆ ನೆಲದ ದಾರಿ (ಅರ್ಥಿಂಗ್) ಸಿಗದಿದ್ದರೆ ಆ ಅಳತೆಯೇ ಕೆಡುತ್ತದೆ.

2022ರ ನವೆಂಬರಿನಲ್ಲಿ ಜತ್ತದ ಹಳ್ಳಿಗಳ ಹೆಸರು ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ತುಂಬಿಕೊಂಡದ್ದು ನೀರಿನ ಕೊರತೆಯಿಂದ ಎದ್ದ ಗಡಿಯ ಮಾತಿನಿಂದ. ಹೊಲಕ್ಕೆ ನೀರಿಲ್ಲದ ಕಡೆ ಅರ್ಥಿಂಗ್ ಗುಂಡಿಗೆ ಹಾಕುವವರು ಯಾರು? ಆದರೆ ಉಪ್ಪು ಇದ್ದಲು ತುಂಬಿದ ಆ ಗುಂಡಿ ಒಣಗಿದರೆ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರನ್ನಾದರೂ ಆಗಾಗ ಅಲ್ಲಿ ಚೆಲ್ಲಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿಗೆ ಹೊಂದಿಸುವ ಕೆಲಸವನ್ನಂತೂ ಯಾರೂ ಮಾಡಬಾರದು. ಜುಮ್ಮೆನ್ನುವುದು ನಿಲ್ಲದಿದ್ದರೆ ವೈರ್‌ಮನ್‌ನನ್ನು ಕರೆಸಿ. ಅದೇ ಬೋರ್ಡಿನ ಹತ್ತಿರ ಮಕ್ಕಳೂ ಓಡಾಡುತ್ತಾರೆ.

5. ವೈರ್ ಇಲ್ಲದ ಮೌಸಿದ್ದರೆ

ಮೊದಲು ಹೊಸ ಸೆಲ್. ಸೆಲ್ಲಿನ ತುದಿಗೆ ಬಿಳಿ ಹಿಟ್ಟು ಕಟ್ಟಿದ್ದರೆ ನಿಂಬೆರಸ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ರಿಸೀವರಿನ ಜಾಗ ನೋಡಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿ ಪೆನ್‌ಡ್ರೈವ್ ಓಡುವಾಗ ಹುಟ್ಟುವ ಗದ್ದಲ ಮೌಸಿನ 2.4 ಗಿಗಾಹರ್ಟ್ಸ್ ಅಲೆಗೇ ಅಡ್ಡಬರುತ್ತದೆ. ರಿಸೀವರನ್ನು ಅಲ್ಲಿಂದ ದೂರ, ಸಾಧ್ಯವಾದರೆ ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಹಾಕಿ.

6. ಒಂದು ಒತ್ತಿಗೆ ಎರಡು ಕ್ಲಿಕ್ ಆದರೆ ಹಣದ ಕೆಲಸ ನಿಲ್ಲಿಸಿ

ಒಂದು ಫೋಲ್ಡರಿನ ಮೇಲೆ ಬಿಟ್ಟು ಬಿಟ್ಟು ಇಪ್ಪತ್ತು ಸಲ ಒಂದೊಂದೇ ಕ್ಲಿಕ್ ಮಾಡಿ. ಒಮ್ಮೆಯಾದರೂ ಅದು ತಾನಾಗಿ ತೆರೆದುಕೊಂಡರೆ ಗುಂಡಿಯ ಒಳಗಿನ ಸ್ವಿಚ್ಚಿನ ತೆಳು ತಗಡು ಸವೆದಿದೆ ಎಂದರ್ಥ. ಇಂಥ ಮೌಸಿನಿಂದ ರೈತರ ದುಡ್ಡು ಕಟ್ಟಬೇಡಿ, ಅರ್ಜಿ ಸಲ್ಲಿಸಬೇಡಿ. ಸದ್ಯಕ್ಕೆ ಸೆಟ್ಟಿಂಗಿನಲ್ಲಿ ಎಡ ಬಲ ಗುಂಡಿಗಳನ್ನು ಅದಲು ಬದಲು ಮಾಡಿಕೊಳ್ಳಿ; ಬಲಗಡೆಯದು ಕಡಿಮೆ ಸವೆದಿರುತ್ತದೆ. ಬೆಸುಗೆ ಬಲ್ಲ ರಿಪೇರಿಯವನಾದರೆ ಎರಡು ಸ್ವಿಚ್ಚುಗಳ ಜಾಗವನ್ನೇ ಬದಲಿಸಿ ಕೊಡುತ್ತಾನೆ.

7. ವೈರ್ ಬಗ್ಗಿಸಿ ನೋಡಿ

ಮೌಸಿನ ಮೂತಿಯ ಹತ್ತಿರ ಬಗ್ಗಿಸಿದಾಗ ದೀಪ ಹತ್ತಿ ಆರಿದರೆ ಒಳಗೆ ಎಳೆ ತುಂಡಾಗಿದೆ. ಅಷ್ಟೇ.

8. ನಿದ್ದೆ ಬಿಡಿಸಿ

ಐದು ನಿಮಿಷ ಬಿಟ್ಟ ಮೇಲೆ ಮೌಸ್ ಏಳುವುದಿಲ್ಲವಾದರೆ ಅದು ವಿಂಡೋಸಿನ ವಿದ್ಯುತ್ ಉಳಿತಾಯದ ಕೆಲಸವಿರಬಹುದು. ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟಿನಲ್ಲಿರುವ ಟಿಕ್ ತೆಗೆಯಿರಿ.

9. ಮೌಸ್ ಸತ್ತರೂ ಕೆಲಸ ನಡೆಸುವುದನ್ನು ಕಲಿಯಿರಿ

ಅರ್ಜಿಯ ಒಂದು ಮನೆಯಿಂದ ಮುಂದಿನದಕ್ಕೆ ಟ್ಯಾಬ್, ಹಿಂದಕ್ಕೆ ಶಿಫ್ಟ್ ಹಿಡಿದು ಟ್ಯಾಬ್, ಟಿಕ್ ಹಾಕಲು ಸ್ಪೇಸ್. ಬಾಣವೇ ಬೇಕೆಂದರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್‌ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ, ಕೇಳಿದ್ದಕ್ಕೆ ಹೌದು ಎನ್ನಿ. ಬಲಗಡೆಯ ಅಂಕಿಗಳೇ ಆಗ ಮೌಸ್: 8 ಮೇಲೆ, 2 ಕೆಳಗೆ, 4 ಎಡಕ್ಕೆ, 6 ಬಲಕ್ಕೆ, 5 ಒತ್ತಿದರೆ ಕ್ಲಿಕ್. ಮೊದಲು ಬೆರಳು ತಡವರಿಸುತ್ತದೆ. ಸಾಲು ಇಲ್ಲದ ಒಂದು ಸಂಜೆ ಮೌಸ್ ಕಿತ್ತಿಟ್ಟು, ಒಂದು ಅರ್ಜಿಯನ್ನು ಹೀಗೆಯೇ ತುಂಬಿ ನೋಡಿ.