ಕೊಂಡಿಯೂ ನರವೂ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆ ನೇಯುವ ನೇಕಾರನು ನೆಲದ ಕುಣಿಯೊಳಗೆ ಕಾಲುಗಳನ್ನು ಇಳಿಬಿಟ್ಟು ಕುಳಿತುಕೊಳ್ಳುತ್ತಾನೆ. ಕಾಲು ಹಲಗೆಯನ್ನು ತುಳಿದೊಡನೆ ಹಾಸಿನ ಎಳೆಗಳು ಬಾಯ್ದೆರೆಯುತ್ತವೆ; ಕೈ ಆ ಸಂದಿನಲ್ಲಿ ಲಾಳಿಯನ್ನು ಹಾಯಿಸುತ್ತದೆ. ಕೈಕಾಲುಗಳಿಗೆ ಈ ಹೊಂದಾಣಿಕೆಯನ್ನು ಕಲ್ಪಿಸುವುದು ನರಮಂಡಲ. ಮಿದುಳು ಮತ್ತು ಬೆನ್ನುಹುರಿ ಅದರ ಕೇಂದ್ರ. ಅಲ್ಲಿಂದ ದೇಹದ ಮೂಲೆಮೂಲೆಗೂ ನರಗಳು ಹಬ್ಬಿವೆ.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ನರದ ಹಾದಿಯೂ ಅಖಂಡವಾದ ಒಂದೇ ಎಳೆಯಲ್ಲ. ಅದು ನರಕೋಶಗಳ ಸಾಲು. ಆದರೆ ಇಲ್ಲಿ ಕೊಂಡಿಯಿಲ್ಲ. ಬಹುಮಟ್ಟಿಗೆ ಕೋಶಕೋಶಗಳ ನಡುವೆ ಅತಿ ಸೂಕ್ಷ್ಮವಾದ ಸಂದು ಇರುತ್ತದೆ. ಕೋಶದುದ್ದಕ್ಕೂ ವಿದ್ಯುತ್ತಿನ ಅಲೆಯಾಗಿ ಬಂದ ಸುದ್ದಿಯನ್ನು ಸಂದಿನಾಚೆಗೆ ಒಯ್ಯುವುದು ಒಂದು ರಾಸಾಯನಿಕ ವಸ್ತು. ನರಕೋಶಗಳು ಬಿಡಿಬಿಡಿಯೆಂದು ಸಾಧಿಸಿದ ಸ್ಪೇನಿನ ಕಹಾಲ್, ಅವು ಒಂದೇ ಬಲೆಯೆಂದು ನಂಬಿದ್ದ ಇಟಲಿಯ ಗಾಲ್ಜಿ, ಇಬ್ಬರೂ 1906ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡದ್ದು ಒಂದು ಸೋಜಿಗ!

ಕುಣಿಯಲ್ಲಿ ಮೊಳೆ ಚುಚ್ಚಿದರೆ ಕಾಲು ಥಟ್ಟನೆ ಹಿಂದೆ ಸರಿಯುತ್ತದೆ. ಆ ಆಜ್ಞೆ ಹೊರಡುವುದು ಬೆನ್ನುಹುರಿಯಿಂದ. ಮಿದುಳಿಗೆ ನೋವಿನ ಅರಿವಾಗುವುದು ಅನಂತರ. ಸ್ಪರ್ಶದ ಸುದ್ದಿ ಸೆಕೆಂಡಿಗೆ ಹಲವು ಹತ್ತು ಮೀಟರ್ ಓಡಿದರೆ, ಮಂದವಾದ ನೋವಿನದು ಒಂದೆರಡು ಮೀಟರ್ ಮಾತ್ರ.

ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಗೆ ಬಾರದಿದ್ದರೆ ಸಾಮಾನ್ಯವಾಗಿ ಮೊದಲು ಕೆಡುವುದು ಪಾದಗಳಿಗೆ ಹೋಗುವ ಉದ್ದನೆಯ ನರಗಳೇ. ಆಗ ಮೊಳೆ ಚುಚ್ಚಿದರೂ ಕಾಲು ಹಲಗೆಯನ್ನು ತುಳಿಯುತ್ತಲೇ ಇರಬಹುದು. ಗಾಯ ಕೀವುಗಟ್ಟಿದ ಮೇಲೆಯೇ ನೇಕಾರನಿಗೆ ಅದು ತಿಳಿದೀತು.