ಹಿತ್ತಲ ಕೋಳಿ ಹಿಂಡಿನಲ್ಲಿ ಹುಂಜಗಳ ಹತೋಟಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತ ಮನೆಗಳಲ್ಲಿ ಹಿತ್ತಲಿನಲ್ಲಿ ಹತ್ತು ಹದಿನೈದು ಕೋಳಿಗಳನ್ನು ಸಾಕುವುದು ಬಹುಕಾಲದ ರೂಢಿ. ಹಾಲಿನ ಹಣ ಡೈರಿಯಿಂದ ಬರುತ್ತದೆ, ರೇಷ್ಮೆಗೂಡು ಮತ್ತು ಟೊಮೆಟೊದ ಹಣ ಮಾರುಕಟ್ಟೆಯಿಂದ ಬರುತ್ತದೆ. ಮೊಟ್ಟೆ ಮತ್ತು ಕೋಳಿಯ ಹಣ ಮಾತ್ರ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಉಳಿಯುತ್ತದೆ. ಕೊಕ್ಕರೆ ರೋಗದ ಲಸಿಕೆ, ಮರಿಗಳ ಆರೈಕೆ ಮುಂತಾದ ವಿಷಯಗಳನ್ನು ಕುರಿತು ರೈತರಿಗೆ ಆಗಾಗ ತಿಳಿಸಲಾಗುತ್ತಿದೆ. ಆದರೆ ರೋಗವಿಲ್ಲದ ಹಿಂಡಿನಲ್ಲೂ ಮೊಟ್ಟೆ ಇಳಿಮುಖವಾಗುವುದು, ಹೇಂಟೆಗಳ ಬೆನ್ನಿನ ಪುಕ್ಕ ಉದುರುವುದು, ಕಾವಿಗಿಟ್ಟ ಮೊಟ್ಟೆಗಳಲ್ಲಿ ಅರ್ಧ ಮರಿಯಾಗದಿರುವುದು ಕಂಡುಬರುತ್ತದೆ. ಇವುಗಳಿಗೆ ಅನೇಕ ಬಾರಿ ಕಾರಣ ಒಂದೇ: ಹಿಂಡಿನಲ್ಲಿ ಹುಂಜಗಳು ಬೇಕಾದುದಕ್ಕಿಂತ ಹೆಚ್ಚಾಗಿರುವುದು, ಇಲ್ಲವೆ ತಕ್ಕ ಹುಂಜ ಇಲ್ಲದಿರುವುದು.

ಹುಂಜಗಳು ಹೆಚ್ಚಾಗುವ ಬಗೆ

ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಸುಮಾರು ಅರ್ಧ ಗಂಡು, ಅರ್ಧ ಹೆಣ್ಣು. ನಾಟಿ ಹೇಂಟೆ ಹತ್ತು ಮರಿ ಮಾಡಿದರೆ ಹದ್ದು, ಕಾಗೆ, ಮುಂಗುಸಿಗಳ ಪಾಲು ಕಳೆದು ನಾಲ್ಕಾರು ಉಳಿಯುತ್ತಿದ್ದುದರಿಂದ ಹಿಂದೆ ಗಂಡಿನ ಸಂಖ್ಯೆ ದೊಡ್ಡ ತೊಡಕಾಗುತ್ತಿರಲಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರ ತಳಿಗಳು ಹಿತ್ತಲಿಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಈ ಮರಿಗಳನ್ನು ರೈತರು ಸಾಮಾನ್ಯವಾಗಿ ಗಂಡು ಹೆಣ್ಣು ಬೇರ್ಪಡಿಸದೆಯೇ ತರುತ್ತಾರೆ. ಲಸಿಕೆ ಹಾಕಿಸಿ ಆರು ವಾರ ಚೆನ್ನಾಗಿ ಸಾಕಿದರೆ ಹೆಚ್ಚಿನವು ಬದುಕುತ್ತವೆ. ಇಪ್ಪತ್ತು ಮರಿ ತಂದವರ ಅಂಗಳದಲ್ಲಿ ನಾಲ್ಕೈದು ತಿಂಗಳಿಗೆ ಎಂಟು ಒಂಬತ್ತು ಹುಂಜಗಳು ಕೂಗತೊಡಗುವುದರಲ್ಲಿ ಆಶ್ಚರ್ಯವಿಲ್ಲ.

ಹುಂಜ ನೋಡಲು ಚೆಂದ, ತೂಕವೂ ಬರುತ್ತದೆ. ಆದುದರಿಂದ ಇನ್ನೂ ಬೆಳೆಯಲಿ, ಹಬ್ಬಕ್ಕೆ ಒಳ್ಳೆಯ ಬೆಲೆ ಬರಲಿ ಎಂದು ಬಿಡುವುದುಂಟು. ಇದರ ಲೆಕ್ಕ ಹಾಕಿ ನೋಡಬೇಕು. ಬೆಳೆದ ಹುಂಜಕ್ಕೆ ದಿನಕ್ಕೆ ನೂರು ಗ್ರಾಂಗಿಂತ ಹೆಚ್ಚು ಆಹಾರ ಬೇಕು. ಅರ್ಧದಷ್ಟನ್ನು ಅದು ಕೆದಕಿ ತಿಂದರೂ ಉಳಿದ 50 ಗ್ರಾಂ ರಾಗಿ, ನುಚ್ಚು, ತೌಡು ಮನೆಯಿಂದಲೇ ಹೋಗುತ್ತದೆ. ಬೇಡದ ಐದು ಹುಂಜಗಳಿದ್ದರೆ ದಿನಕ್ಕೆ 250 ಗ್ರಾಂ, ತಿಂಗಳಿಗೆ ಏಳೂವರೆ ಕಿಲೋ. ಇದಲ್ಲದೆ ಕಾಳು ಎರಚಿದಾಗ ಮೊದಲು ನುಗ್ಗುವುದು ಈ ಎಳೆ ಹುಂಜಗಳೇ ಆದುದರಿಂದ ಮೊಟ್ಟೆಯಿಡುವ ಹೇಂಟೆಯ ಪಾಲು ಕಡಿಮೆಯಾಗುತ್ತದೆ.

ಹಿಂಡಿನೊಳಗಿನ ಮೇಲು ಕೀಳು

ಕೋಳಿಗಳು ಒಂದನ್ನೊಂದು ಗುರುತಿಸಬಲ್ಲವು, ಪ್ರತಿಯೊಂದಕ್ಕೂ ತನ್ನ ಸ್ಥಾನ ಗೊತ್ತು. ಇದನ್ನು ಮೊದಲು ವ್ಯವಸ್ಥಿತವಾಗಿ ಬರೆದಿಟ್ಟವನು ನಾರ್ವೆ ದೇಶದ ಷೆಲ್ಡರಪ್ ಎಬ್ಬೆ ಎಂಬ ವಿಜ್ಞಾನಿ, 1920ರ ದಶಕದ ಆರಂಭದಲ್ಲಿ. ಬಾಲ್ಯದಿಂದಲೇ ಮನೆಯ ಕೋಳಿಗಳನ್ನು ನೋಡುತ್ತ ಬೆಳೆದ ಈತ, ಯಾವ ಹೇಂಟೆ ಯಾವುದನ್ನು ಕುಕ್ಕುತ್ತದೆ ಎಂಬುದನ್ನು ಗಮನಿಸಿ, ಹಿಂಡಿನಲ್ಲಿ ಒಂದು ನಿಶ್ಚಿತ ಶ್ರೇಣಿಯಿದೆ ಎಂದು ತೋರಿಸಿಕೊಟ್ಟನು. ಮೇಲಿನದು ಕೆಳಗಿನದನ್ನು ಕುಕ್ಕಬಹುದು, ಕೆಳಗಿನದು ತಿರುಗಿ ಕುಕ್ಕುವುದಿಲ್ಲ. ಈ ಶ್ರೇಣಿ ಒಮ್ಮೆ ನಿಂತಿತೆಂದರೆ ಜಗಳ ಬಹಳ ಕಡಿಮೆ; ಕತ್ತು ಎತ್ತಿ ನೋಡಿದರೆ ಸಾಕು, ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ಒಂದು ಕೋಳಿಯನ್ನು ತೆಗೆದಾಗ, ಹೊಸದನ್ನು ಬಿಟ್ಟಾಗ, ಎಳೆ ಹುಂಜಗಳು ಪ್ರಾಯಕ್ಕೆ ಬಂದಾಗ ಶ್ರೇಣಿ ಕದಡಿ ಮತ್ತೆ ಕಾದಾಟ ಏಳುತ್ತದೆ.

ಹುಂಜಗಳ ಶ್ರೇಣಿ ಬೇರೆ, ಹೇಂಟೆಗಳ ಶ್ರೇಣಿ ಬೇರೆ. ಮುಂಜಾನೆಯ ಕೂಗಿನಲ್ಲೂ ಈ ಮೇಲು ಕೀಳು ಇದೆ. ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮೊದಲು ಕೂಗುವುದು ಹಿಂಡಿನ ಮೇಲಿನ ಹುಂಜ. ಉಳಿದವು ತಮ್ಮ ತಮ್ಮ ಸ್ಥಾನದಂತೆ ಅದರ ಹಿಂದೆ ಕೂಗುತ್ತವೆ. ಕೂಗಿನ ಹೊತ್ತನ್ನು ನಿರ್ಧರಿಸುವುದು ಹುಂಜದ ದೇಹದೊಳಗಿನ ಕಾಲಗಣನೆಯೇ ಹೊರತು ಬೆಳಕು ಮಾತ್ರವಲ್ಲ. ಮಾಲೂರಿನ ಕಡೆ ಮನೆಗಳು ಒತ್ತಾಗಿರುವ ಬಡಾವಣೆಗಳಲ್ಲಿ ಹುಂಜದ ಕೂಗಿಗೆ ನೆರೆಯವರು ಆಕ್ಷೇಪಿಸಿದರೆ, ಕತ್ತಲೆ ಗೂಡಿನಲ್ಲಿ ಮುಚ್ಚಿಟ್ಟು ಕೂಗು ನಿಲ್ಲಿಸಬಹುದೆಂಬ ಆಸೆ ಬೇಡ. ಅಂಥ ಕಡೆ ಹುಂಜವನ್ನೇ ಇಡದಿರುವುದು ಲೇಸು. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಮರಿಯಾಗದು, ಅಷ್ಟೆ. ತಿನ್ನಲು, ಮಾರಲು ಅದು ಇನ್ನೂ ಉತ್ತಮ, ಏಕೆಂದರೆ ಬೇಸಿಗೆಯ ಸೆಕೆಯಲ್ಲಿ ಒಳಗೆ ಭ್ರೂಣ ಬೆಳೆದು ಕೆಡುವ ಸಂಭವವಿಲ್ಲ.

ಹಾಗೆಂದು ಹುಂಜ ದಂಡದ ಪ್ರಾಣಿಯಲ್ಲ. ಬಯಲಿನಲ್ಲಿ ಮೇಯುವ ಹಿಂಡಿಗೆ ಒಳ್ಳೆಯ ಹುಂಜವೇ ಕಾವಲು. ಆಕಾಶದಲ್ಲಿ ಹದ್ದು ಕಂಡರೆ ಅದು ಕೊಡುವ ಎಚ್ಚರಿಕೆಯ ದನಿ ಬೇರೆ, ನೆಲದ ಮೇಲೆ ನಾಯಿ ಅಥವಾ ಮುಂಗುಸಿ ಬಂದಾಗ ಕೊಡುವ ದನಿ ಬೇರೆ. ಮೊದಲನೆಯದಕ್ಕೆ ಹೇಂಟೆಗಳು ಓಡಿ ಮರೆ ಸೇರುತ್ತವೆ. ಎರಡನೆಯದಕ್ಕೆ ಕತ್ತು ನೀಟಿ ಎಚ್ಚರವಾಗಿ ನಿಲ್ಲುತ್ತವೆ. ಕಾಳು ಸಿಕ್ಕಾಗ ತಾನು ತಿನ್ನದೆ ಕೊಕ್ಕಿನಿಂದ ಎತ್ತಿ ಇಳಿಸುತ್ತ ಹೇಂಟೆಗಳನ್ನು ಕರೆಯುವ ಹುಂಜವನ್ನು ಎಲ್ಲರೂ ಕಂಡಿರುತ್ತಾರೆ. ತಳಿಗೆ ಉಳಿಸಿಕೊಳ್ಳಬೇಕಾದದ್ದು ಇಂಥದನ್ನು. ಕೇವಲ ಜುಟ್ಟು, ಬಣ್ಣ, ಎತ್ತರ ನೋಡಿ ಆರಿಸುವುದು ಸರಿಯಲ್ಲ.

ಎಷ್ಟು ಹೇಂಟೆಗೆ ಎಷ್ಟು ಹುಂಜ

ಎಂಟರಿಂದ ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಹದಿನೈದು ಇಪ್ಪತ್ತು ಹೇಂಟೆಗಳಿದ್ದರೆ ಎರಡು. ಆದರೆ ಕಿರಿದಾದ ಅಂಗಳದಲ್ಲಿ ಎರಡು ಹುಂಜ ಇಟ್ಟರೆ ಒಂದು ಸದಾ ಓಡುತ್ತಲೇ ಇರಬೇಕಾಗುತ್ತದೆ, ಹೇಂಟೆಗಳಿಗೂ ನೆಮ್ಮದಿಯಿರದು. ಶ್ರೀನಿವಾಸಪುರದ ಮಾವಿನ ತೋಪುಗಳಂತಹ ವಿಸ್ತಾರವಾದ ಜಾಗದಲ್ಲಿ ಹಿಂಡು ತಾನಾಗಿಯೇ ಎರಡು ಮೂರು ಗುಂಪಾಗಿ ಒಡೆದು, ಒಂದೊಂದು ಗುಂಪಿಗೆ ಒಂದೊಂದು ಹುಂಜ ನಿಲ್ಲುತ್ತದೆ. ಅಲ್ಲಿ ಹುಂಜ ಒಂದೆರಡು ಹೆಚ್ಚಿದ್ದರೂ ನಡೆಯುತ್ತದೆ. (ತೋಪಿನಲ್ಲಿ ಕೋಳಿ ಬಿಡುವುದರಿಂದ ಇನ್ನೊಂದು ಲಾಭವೂ ಉಂಟು. ಮಾವಿನ ಹಣ್ಣುನೊಣದ ಹುಳುಗಳು ಬಿದ್ದ ಹಣ್ಣಿನಿಂದ ಹೊರಬಂದು ಮಣ್ಣಿನಲ್ಲಿ ಕೋಶಾವಸ್ಥೆ ಕಳೆಯುತ್ತವೆ. ಕೋಳಿಗಳು ಕೆದಕಿ ಅವನ್ನು ತಿನ್ನುತ್ತವೆ. ಆದರೆ ತೋಪಿಗಾಗಲಿ ಟೊಮೆಟೊ ತಾಕಿಗಾಗಲಿ ಕೀಟನಾಶಕ ಸಿಂಪಡಿಸಿದ ದಿನಗಳಲ್ಲಿ ಕೋಳಿಗಳನ್ನು ಅತ್ತ ಬಿಡಕೂಡದು.)

ಹುಂಜಗಳು ಹೆಚ್ಚಾದಾಗ ಕಾಣುವ ಲಕ್ಷಣಗಳು ಸ್ಪಷ್ಟ. ಹೇಂಟೆಯ ತಲೆಯ ಹಿಂಭಾಗದ ಮತ್ತು ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತದೆ; ರೆಕ್ಕೆಯ ಬುಡದಲ್ಲಿ ಹುಂಜದ ಉಗುರು ಮತ್ತು ಕಾಲುಮುಳ್ಳಿನ ಗೀರು ಕಾಣುತ್ತದೆ; ಹೇಂಟೆಗಳು ಗೂಡಿನಿಂದ ಇಳಿಯಲು ಹಿಂಜರಿಯುತ್ತವೆ, ಬೇಲಿಯ ಮರೆಯಲ್ಲಿ ಮೊಟ್ಟೆ ಇಟ್ಟುಬಿಡುತ್ತವೆ. ಹುಂಜ ಹೆಚ್ಚಿದ್ದರೆ ಮೊಟ್ಟೆಗಳು ಹೆಚ್ಚು ಮರಿಯಾಗುತ್ತವೆ ಎಂಬ ನಂಬಿಕೆ ತಪ್ಪು. ಒಂದು ಮೇಲೇರಿದಾಗ ಇನ್ನೊಂದು ಬಂದು ತಳ್ಳುವುದರಿಂದ ಕೂಡಿಕೆ ಅಪೂರ್ಣವಾಗಿ ಫಲವಂತಿಕೆ ಕುಗ್ಗುವುದೇ ಹೆಚ್ಚು.

ಗಿರಿರಾಜದ ಹುಂಜವನ್ನು ನಾಟಿ ಹೇಂಟೆಗಳೊಡನೆ ಬಿಡುವವರು ವಿಶೇಷವಾಗಿ ಗಮನಿಸಬೇಕು. ಬೆಳೆದ ಗಿರಿರಾಜ ಹುಂಜದ ತೂಕ ನಾಟಿ ಹೇಂಟೆಯ ಎರಡು ಪಟ್ಟಿಗಿಂತ ಹೆಚ್ಚು. ಆ ಭಾರಕ್ಕೆ ಹೇಂಟೆಯ ಬೆನ್ನು ಗಾಯವಾಗುತ್ತದೆ. ಇನ್ನು, ಗಿರಿರಾಜ ಹುಂಜ ಮತ್ತು ಹೇಂಟೆಗಳಿಂದಲೇ ಮನೆಯಲ್ಲಿ ಮುಂದಿನ ಪೀಳಿಗೆ ಮಾಡಿದರೆ ಮೊದಲಿನ ಗುಣ ಅದೇ ಮಟ್ಟದಲ್ಲಿ ಬರುವುದಿಲ್ಲ. ಪ್ರತಿ ಸಲವೂ ಮರಿಗಳನ್ನು ಸರಿಯಾದ ಕೇಂದ್ರದಿಂದಲೇ ತರಬೇಕು. ಆದುದರಿಂದ ಮೊಟ್ಟೆಗಾಗಿ ಮಾತ್ರ ಗಿರಿರಾಜ ಸಾಕುವವರಿಗೆ ಹುಂಜದ ಅವಶ್ಯಕತೆಯೇ ಇಲ್ಲ. ಎಳೆ ಹುಂಜಗಳು ಕೂಗಲು ಆರಂಭಿಸುತ್ತಿದ್ದಂತೆ, ಕಾಳಗಕ್ಕೆ ಇಳಿಯುವ ಮೊದಲೇ, ಬೇರೆ ಮಾಡಿ ಮಾರಿಬಿಡುವುದು ಲಾಭದಾಯಕ. ಯುಗಾದಿಯ ಮರುದಿನದ ಹೊಸತೊಡಕಿಗೆ ಕೋಳಿಗೆ ಬೇಡಿಕೆ ಬರುತ್ತದೆ. ಆ ಹೊತ್ತಿಗೆ ಐದಾರು ತಿಂಗಳಾಗುವಂತೆ ಮರಿಗಳನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ತಂದರೆ ಹುಂಜಗಳನ್ನು ಅನಗತ್ಯವಾಗಿ ಸಾಕುವ ಖರ್ಚು ತಪ್ಪುತ್ತದೆ. ಮಾರುವವರೆಗೆ ಹುಂಜಗಳನ್ನಷ್ಟೇ ಒಂದು ಕಡೆ, ಹೇಂಟೆಗಳು ಕಾಣದಂತೆ ಇಟ್ಟರೆ ಜೊತೆಯಲ್ಲಿ ಬೆಳೆದ ಎಳೆ ಹುಂಜಗಳು ಹೆಚ್ಚು ಕಾದಾಡುವುದಿಲ್ಲ.

ಜನರ ಮೇಲೆ ಎರಗುವ ಹುಂಜ

ಇದನ್ನು ತಮಾಷೆ ಎಂದು ತಳ್ಳಿಹಾಕಬಾರದು. ಹುಂಜದ ಎತ್ತರಕ್ಕೆ ಎರಡು ಮೂರು ವರ್ಷದ ಮಗುವಿನ ಮುಖ ನೇರವಾಗಿ ಸಿಗುತ್ತದೆ. ಕಣ್ಣಿಗೆ ಏಟಾದರೆ ಜೀವನಪರ್ಯಂತ ಸಂಕಟ. ಹುಂಜ ಎರಗುವ ಮೊದಲು ಸೂಚನೆ ಕೊಡುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಅಡ್ಡಡ್ಡವಾಗಿ ಹೆಜ್ಜೆ ಹಾಕುತ್ತದೆ, ಕತ್ತಿನ ಪುಕ್ಕ ಕೆದರುತ್ತದೆ, ನೆಲ ಕುಕ್ಕಿದಂತೆ ನಟಿಸುತ್ತ ಹತ್ತಿರ ಬರುತ್ತದೆ. ಆಗ ಓಡಿದರೆ ಅದಕ್ಕೆ ಗೆದ್ದಂತೆ. ಒದ್ದರೆ, ಕೋಲಿನಿಂದ ಕೆಣಕಿದರೆ ಕಾಳಗಕ್ಕೆ ಕರೆದಂತೆ. ಎರಡೂ ಅದರ ಚಾಳಿಯನ್ನು ಬಲಪಡಿಸುತ್ತವೆ. ನೇರವಾಗಿ ನಿಂತು, ನಡುವೆ ಮಂಕರಿಯನ್ನೋ ಮೊರವನ್ನೋ ಹಿಡಿದು, ಅದು ತಾನಾಗಿ ಸರಿಯುವವರೆಗೆ ನಿಧಾನವಾಗಿ ಮುಂದೆ ನಡೆಯುವುದು ಸರಿಯಾದ ಕ್ರಮ. ಮಕ್ಕಳು ಎಳೆ ಹುಂಜವನ್ನು ಆಟಕ್ಕೆಂದು ಕೆಣಕುವುದನ್ನು ಮೊದಲಿನಿಂದಲೇ ತಡೆಯಬೇಕು. ಒಂಟಿ ಮರಿಯಾಗಿ ಕೈಯಲ್ಲೇ ಬೆಳೆದ ಹುಂಜಗಳಲ್ಲಿ ಈ ಚಾಳಿ ಹೆಚ್ಚು, ಏಕೆಂದರೆ ಅವಕ್ಕೆ ಮನುಷ್ಯರ ಭಯವಿರುವುದಿಲ್ಲ.

ಮುಳ್ಳು ಉದ್ದವಾಗಿದ್ದರೆ ಮೊನೆಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡಕ್ಕೆ ಕತ್ತರಿಸಿದರೆ ಒಳಗಿನ ಜೀವಂತ ಭಾಗ ತುಂಡಾಗಿ ರಕ್ತ ಸುರಿಯುತ್ತದೆ. ಹುಂಜದ ಮುಳ್ಳು ಚುಚ್ಚಿದ ಗಾಯವನ್ನು ಸಾಬೂನು ನೀರಿನಿಂದ ತೊಳೆದು ಆಸ್ಪತ್ರೆಯಲ್ಲಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವಿಚಾರಿಸುವುದು ಅವಶ್ಯ.

ಎರಡು ಮೂರು ವಾರ ಪ್ರಯತ್ನಿಸಿದರೂ ಚಾಳಿ ಬಿಡದ ಹುಂಜವನ್ನು ತೆಗೆದುಹಾಕುವುದೇ ಸರಿ. ಜಗಳಗಂಟಿತನ ವಂಶವಾಹಿಯಾಗಿ ಮರಿಗಳಿಗೂ ಇಳಿಯುತ್ತದೆ. ಮುಳಬಾಗಿಲು ಮತ್ತು ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ಆಂಧ್ರದ ಕಡೆಯಿಂದ ತಂದ ಅಸೀಲ್ ರಕ್ತದ ಹುಂಜವನ್ನು ಎತ್ತರದ ಆಳ್ತನಕ್ಕಾಗಿ ಹಿಂಡಿಗೆ ಬಿಡುವುದುಂಟು. ಅಸೀಲ್ ಮೂಲತಃ ಕಾಳಗಕ್ಕಾಗಿಯೇ ಆರಿಸಿ ಬೆಳೆಸಿದ ತಳಿ. ಮಾಂಸ ಬಿಗಿ, ಬೆಲೆಯೂ ಹೆಚ್ಚು, ಆದರೆ ಮೊಟ್ಟೆ ಕಡಿಮೆ, ಮರಿಗಳು ಕೂಡ ಎಳೆಯ ವಯಸ್ಸಿನಲ್ಲೇ ಒಂದನ್ನೊಂದು ಕೊಲ್ಲುವ ಮಟ್ಟಕ್ಕೆ ಕಚ್ಚಾಡುತ್ತವೆ. ಹಿತ್ತಲ ಹಿಂಡಿಗೆ ಇದು ತಕ್ಕುದಲ್ಲ. ಕೋಳಿ ಪಂದ್ಯವಂತೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಹೊಸ ಕೋಳಿಗಳನ್ನು ಸೇರಿಸುವಾಗ

ಸಂತೆಯಿಂದ ತಂದ ಕೋಳಿಯನ್ನು ಅಂದೇ ಹಿಂಡಿಗೆ ಬಿಡುವುದರಿಂದ ಎರಡು ಅಪಾಯ: ರೋಗ ಮತ್ತು ಕಾಳಗ. ಮೂರು ವಾರ ದೂರದಲ್ಲಿ ಬೇರೆಯಾಗಿಟ್ಟು ರೋಗವಿಲ್ಲವೆಂದು ಖಚಿತವಾದ ಮೇಲೆ, ಒಂದು ವಾರ ಹಿಂಡಿನ ಪಕ್ಕದಲ್ಲೇ ಜಾಲರಿಯ ಹಿಂದೆ ಅಥವಾ ಬಿದಿರಿನ ಮಂಕರಿಯ ಕೆಳಗೆ ಇಡಬೇಕು. ಒಂದನ್ನೊಂದು ನೋಡಿಕೊಂಡರೆ ಕಚ್ಚಾಟದ ಕಾವು ಇಳಿಯುತ್ತದೆ. ಒಂದೇ ಕೋಳಿಯನ್ನು ಬಿಡುವುದಕ್ಕಿಂತ ಎರಡು ಮೂರನ್ನು ಒಟ್ಟಿಗೆ ಬಿಡುವುದು ಉತ್ತಮ. ಬಿಟ್ಟ ಮೇಲೆ ಕಾಳನ್ನು ಒಂದೇ ಕಡೆ ಸುರಿಯದೆ ಮೂರು ನಾಲ್ಕು ಕಡೆ ಎರಚಬೇಕು, ನೀರಿನ ಮಡಕೆಯನ್ನೂ ಎರಡು ಕಡೆ ಇಡಬೇಕು. ರಾತ್ರಿ ಗೂಡಿನಲ್ಲಿ ಗಿರಿರಾಜಕ್ಕೆ ತಲಾ ಎರಡು ಚದರ ಅಡಿ ಜಾಗವಿದ್ದರೆ ತಳ್ಳಾಟ ತಪ್ಪುತ್ತದೆ.

ರಕ್ತ ಬಂದ ಕೋಳಿಯನ್ನು ತಕ್ಷಣ ಬೇರೆ ಮಾಡಬೇಕು. ಕೆಂಪು ಕಂಡರೆ ಉಳಿದವು ಅಲ್ಲೇ ಕುಕ್ಕುತ್ತವೆ. ಗಾಯ ತೊಳೆದು ಬೇವಿನ ಎಣ್ಣೆ ಹಚ್ಚಿದರೆ ನೊಣ ಕೂರುವುದಿಲ್ಲ. ಹುಂಜ ಒಂದೇ ಇದ್ದರೂ ಪುಕ್ಕ ಕೀಳುವ ಚಾಳಿ ನಿಲ್ಲದಿದ್ದರೆ ಆಹಾರದಲ್ಲಿ ಸಸಾರಜನಕ ಅಥವಾ ಉಪ್ಪು ಕಡಿಮೆಯೇ ಎಂದು ನೋಡಬೇಕು. ಬರೀ ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ಸಸಾರಜನಕ ಕಡಿಮೆ. ನಮ್ಮ ಜಿಲ್ಲೆಯಲ್ಲಿ ನೂಲು ಬಿಚ್ಚಿದ ರೇಷ್ಮೆಗೂಡಿನ ಕೋಶದ ಹುಳು ಸಿಗುತ್ತದೆ; ಚೆನ್ನಾಗಿ ಒಣಗಿಸಿ ಸ್ವಲ್ಪ ಸ್ವಲ್ಪ ಬೆರೆಸಬಹುದು. ಹೆಚ್ಚಾದರೆ ಮೊಟ್ಟೆಗೆ ವಾಸನೆ ಬರುತ್ತದೆ.

ಹುಂಜ ಬದಲಾಯಿಸುವುದು

ನಾಟಿ ಹಿಂಡಿನಲ್ಲಿ ಅದೇ ಹುಂಜ, ಅದರ ಮಗಳು, ಮೊಮ್ಮಗಳು ಎಂದು ನಡೆದರೆ ಮರಿಗಳು ನಿಶ್ಶಕ್ತವಾಗುತ್ತವೆ. ವರ್ಷ ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರೊಡನೆ ಹುಂಜ ಅದಲು ಬದಲು ಮಾಡಿಕೊಳ್ಳುವುದು ಸುಲಭದ ಉಪಾಯ. ಹಳೆಯ ಹುಂಜ ಹೋದ ಮೇಲೂ ಅದರ ಬೀಜ ಹೇಂಟೆಯ ದೇಹದಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರ ಉಳಿದಿರುತ್ತದೆ. ಆದುದರಿಂದ ಹೊಸ ಹುಂಜದ ಮರಿಗಳೇ ಬೇಕಾದರೆ ಮೂರು ವಾರ ಕಳೆದ ಮೇಲಿನ ಮೊಟ್ಟೆಗಳನ್ನು ಕಾವಿಗಿಡಬೇಕು. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದರೆ ಫಲಿತ ಮೊಟ್ಟೆಯಲ್ಲಿ ಜೇಡನಂತೆ ಹರಡಿದ ನಾಳಗಳು ಕಾಣುತ್ತವೆ, ಬರಿದಾದುದನ್ನು ತೆಗೆಯಬೇಕು. ಹತ್ತರಲ್ಲಿ ಐದು ಬರಿದಾಗಿದ್ದರೆ, ಮೊಟ್ಟೆ ಹಳೆಯವಲ್ಲದಿದ್ದರೆ, ಹುಂಜವನ್ನೇ ಸಂಶಯಿಸಬೇಕು. ಏಪ್ರಿಲ್–ಮೇ ಸೆಕೆಯಲ್ಲಿ ಒಳ್ಳೆಯ ಹುಂಜದ ಫಲವಂತಿಕೆಯೂ ಕುಗ್ಗುವುದರಿಂದ ಆ ಕಾಲದ ಒಂದು ಕಾವನ್ನು ನೋಡಿ ತೀರ್ಮಾನಿಸಬಾರದು.

ಕೊನೆಯದಾಗಿ ಹರಕೆಯ ಹುಂಜ. ಗ್ರಾಮದೇವತೆಗೆ ಬಿಟ್ಟ ಹುಂಜವನ್ನು ಜಾತ್ರೆಯವರೆಗೆ ಮಾರುವಂತಿಲ್ಲ, ಕೊಡುವಂತಿಲ್ಲ. ಒಂದು ಮನೆಯಲ್ಲಿ ಇಂಥವು ಎರಡು ಮೂರು ಸೇರುವುದುಂಟು. ಮಾರಿರೆಂದು ಹೇಳಿದರೆ ಮನೆಯ ಹಿರಿಯರು ಒಪ್ಪುವುದಿಲ್ಲ, ಒಪ್ಪಿಸುವ ಅಗತ್ಯವೂ ಇಲ್ಲ. ಅವುಗಳ ಕಾಲಿಗೆ ಗುರುತಿನ ದಾರ ಕಟ್ಟಿ, ಹೇಂಟೆಗಳಿಂದ ಬೇರೆಯಾಗಿ, ದನದ ಕೊಟ್ಟಿಗೆಯ ಬದಿಯಲ್ಲಿ ಬಿದಿರಿನ ತಡಿಕೆ ಹಾಕಿ ಇಟ್ಟರೆ ಹರಕೆಯೂ ಉಳಿಯುತ್ತದೆ, ಹೇಂಟೆಗಳೂ ಉಳಿಯುತ್ತವೆ. ಮುಂದಿನ ಹರಕೆಗೆ ಮರಿ ಗುರುತಿಸುವಾಗ ಹಿಂಡಿನಲ್ಲಿ ಆಗಲೇ ಇರುವ ಹುಂಜಗಳನ್ನು ಒಮ್ಮೆ ಎಣಿಸಿ, ಮನೆಯಲ್ಲಿ ಮೊಟ್ಟೆಯ ಲೆಕ್ಕ ನೋಡಿಕೊಳ್ಳುವವರನ್ನು ಕೇಳಿ ಗುರುತಿಸುವುದು ಒಳ್ಳೆಯದು.