ಇಶಾ ನಮಾಜಿನ ತರುವಾಯದ ಫೋನು

ಶಹಾಪುರದ ಸೋದರರೇ,

ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆದ ಸಂಗತಿಯೆಂದರೆ, ನಡುರಾತ್ರಿ ಮೀರುವವರೆಗೆ ನೀವು ಫೋನಿನಲ್ಲಿ ನೋಡುವುದರಲ್ಲಿ ಅರ್ಧಪಾಲು ಧಾರ್ಮಿಕ ಪ್ರವಚನಗಳೇ ಆಗಿದ್ದು, ಅವುಗಳ ದೆಸೆಯಿಂದಲೇ ಫಜರ್ ನಮಾಜು ತಪ್ಪಿಹೋಗುತ್ತಿರುವುದು. ಧರ್ಮಶ್ರವಣವೆಂಬ ಸಮಾಧಾನವು ಬೆನ್ನಿಗಿರುವುದರಿಂದ ಇದು ರೀಲ್ಸ್ ವ್ಯಸನಕ್ಕಿಂತಲೂ ಗೂಢವಾದುದು. ಒಂದು ಮುಗಿಯುವಷ್ಟರಲ್ಲಿ ಮತ್ತೊಂದನ್ನು ತಾನಾಗಿಯೇ ಮುಂದೊಡ್ಡುವ ಯಂತ್ರಕ್ಕೆ ಪ್ರವಚನವೂ ಒಂದೇ, ಹಾಸ್ಯವೂ ಒಂದೇ.

ಇಶಾದ ಬಳಿಕ ಹರಟುವುದನ್ನು ಪ್ರವಾದಿಯವರು ಮೆಚ್ಚುತ್ತಿರಲಿಲ್ಲವೆಂದು ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಅಂಗೈಯ ಬೆಳಕು ಆರದ ಈ ಕಾಲಕ್ಕೆ ಆ ನಿಯಮವು ಇನ್ನೂ ಹೆಚ್ಚಾಗಿ ಸಲ್ಲುವುದು. ಆದಕಾರಣ ಇಶಾ ಮುಗಿದೊಡನೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಂದು ಮಲಗಿರಿ. ಅಜಾನ್ ಆಪ್ ಅದರಲ್ಲಿಯೇ ಇದೆಯಲ್ಲ ಎನ್ನುವಿರಾ? ಒಂದು ಅಲಾರಂ ಗಡಿಯಾರವನ್ನು ಕೊಂಡುತನ್ನಿ. ಶುಕ್ರವಾರ ಜುಮಾ ಆದಮೇಲೆ ಫೋನಿಲ್ಲದೆ, ಆದಿಲಶಾಹಿ ಅರಸರ ಸಮಾಧಿಗಳಿರುವ ಗೋಗಿಯ ಚಂದಾ ಹುಸೇನಿ ದರ್ಗಾದವರೆಗೆ ಗೆಳೆಯರೊಡನೆ ಹೋಗಿಬನ್ನಿ. ದರ್ಗಾ ನಿಮ್ಮ ಮನೆಯ ಸಂಪ್ರದಾಯಕ್ಕೆ ಒಪ್ಪದಿದ್ದರೆ (ಆ ವಾದಕ್ಕೆ ನಾನು ಇಳಿಯಲಾರೆ) ಸುರಪುರದ ಬಂಧುಗಳ ಮನೆಗಾದರೂ ಹೋಗಿರಿ.

ತಪ್ಪಿದ ನಮಾಜನ್ನು ಕಜಾ ಮಾಡಲು ಅವಕಾಶವಿರುವಾಗ, ಪಾಪಭೀತಿಯಿಂದ ಕುಗ್ಗಿ ಮತ್ತೆ ಫೋನಿಗೇ ಶರಣಾಗುವುದು ಸಲ್ಲದು. ಇಷ್ಟಾದರೂ ನಿದ್ರಾನಾಶವೂ ಕಳವಳವೂ ಬಿಡದಿದ್ದಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿರಿ: ಸೇವೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.